ಆಟೋಮ್ಯಾಟಿಕ್ಕಾ ಮ್ಯಾನ್ಯುಯಲ್ಲಾ? ಕಾರ್ ತಗೊಳ್ಳೋಕೆ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 14 ವರ್ಷ ಮ್ಯಾನ್ಯುಯಲ್ ಓಡಿಸಿ ಆಮೇಲೆ ಆಟೋಮ್ಯಾಟಿಕ್‌ಗೆ ಬಂದೋನು, ಈಗ ಮನೇಲಿ ಎರಡೂ ಇದೆ. ಪರಿಚಯದೋರು ಯಾರೇ ಗಾಡಿ ತಗೊಳ್ಳೋಕೆ ಹೊರಟ್ರೂ ಫೋನ್ ಮಾಡಿ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ, ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಡೋಣ ಅನ್ನಿಸ್ತು. ಉದ್ದ ಇದೆ, ನಿಮಗೆ ಬೇಕಾದ ಪ್ರಶ್ನೆ ಹುಡುಕ್ಕೊಂಡು ಓದಿ.

ಸುಮ್ನೆ ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

ವಾರದಲ್ಲಿ ಐದಾರು ದಿನ ನಿಂತು ನಿಂತು ಸಾಗೋ ಟ್ರಾಫಿಕ್ಕಲ್ಲೇ ಗಾಡಿ ಇರುತ್ತೆ ಅಂದ್ರೆ ಆಟೋಮ್ಯಾಟಿಕ್. ಹೆಚ್ಚಾಗಿ ಖಾಲಿ ರಸ್ತೆ, ಓಡಾಟ ಕಮ್ಮಿ, ದುಡ್ಡು ಬಿಗಿ ಅಂದ್ರೆ ಮ್ಯಾನ್ಯುಯಲ್. ಆದ್ರೆ ಇಲ್ಲಿಗೇ ನಿಲ್ಲಿಸ್ಬೇಡಿ ದಯವಿಟ್ಟು, ಯಾಕಂದ್ರೆ "ಆಟೋಮ್ಯಾಟಿಕ್" ಅನ್ನೋದು ಒಂದು ಮಷೀನ್ ಅಲ್ಲ, ಒಳಗೆ ನಾಲ್ಕು ಬೇರೆ ಬೇರೆ ಜಾತಿ ಇದೆ, ಒಂದರ ಗುಣ ಇನ್ನೊಂದಕ್ಕಿಲ್ಲ. ಯಾವ ಜಾತಿ ಅಂತ ಕೇಳದೇ ದುಡ್ಡು ಕಟ್ಟಿದೋರೇ ಆಮೇಲೆ ಬೇಜಾರು ಮಾಡ್ಕೊಳ್ಳೋದನ್ನ ನಾನು ಜಾಸ್ತಿ ನೋಡಿರೋದು.

ಗೇರ್‌ಬಾಕ್ಸ್ ಅನ್ನೋದು ಯಾಕೆ ಬೇಕು ಅಷ್ಟಕ್ಕೂ?

ಪೆಟ್ರೋಲ್ ಡೀಸೆಲ್ ಇಂಜಿನ್ ಸೊನ್ನೆ ಸ್ಪೀಡಿಂದ ಕೆಲಸ ಮಾಡೋಕಾಗಲ್ಲ, ಸುಮ್ನೆ ನಿಂತಿರುವಾಗಲೂ 700-900 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗ್ತಾನೇ ಇರಬೇಕು, ಇಲ್ಲಾಂದ್ರೆ ಆಫ್ ಆಗುತ್ತೆ. ಚಕ್ರ ನಿಂತಿದೆ, ಇಂಜಿನ್ ತಿರುಗ್ತಿದೆ, ಇವೆರಡನ್ನೂ ಮೆಲ್ಲಗೆ ಸೇರಿಸೋಕೆ ಒಂದು ಏನಾದ್ರೂ ಬೇಕಲ್ಲ, ಮ್ಯಾನ್ಯುಯಲ್‌ನಲ್ಲಿ ಅದು ಕ್ಲಚ್, ಅದನ್ನ ನಡೆಸೋದು ನಿಮ್ಮ ಎಡಗಾಲು. ಇನ್ನು ಹೊರಡುವಾಗ ಬಲ ಬೇಕು, ಓಡುವಾಗ ವೇಗ ಬೇಕು, ಅದಕ್ಕೆ ಗೇರ್. ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ ಅನ್ನೋದು ಈ ಎರಡು ಕೆಲಸ ಯಾರು ಮಾಡ್ಬೇಕು, ನೀವಾ ಗಾಡಿನಾ, ಅನ್ನೋ ಪ್ರಶ್ನೆ.

ಎಎಂಟಿ, ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ... ತಲೆ ಕೆಡುತ್ತೆ, ಏನು ವ್ಯತ್ಯಾಸ?

ಇದೊಂದನ್ನ ನಿಧಾನಕ್ಕೆ ಓದಿ, ಅರ್ಧ ನಿರ್ಧಾರ ಇಲ್ಲೇ ಆಗುತ್ತೆ.

ಎಎಂಟಿ ಅಂದ್ರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದೇ ಕ್ಲಚ್ ಪ್ಲೇಟು, ಅದೇ ಹಲ್ಲುಗಳು. ಕ್ಲಚ್ ಒತ್ತೋಕೆ, ಗೇರ್ ಹಾಕೋಕೆ ಒಂದು ಹೈಡ್ರಾಲಿಕ್ ಅಥವಾ ಎಲೆಕ್ಟ್ರಿಕ್ ಸೆಟಪ್ಪು ಕೂರಿಸಿ ಕಂಪ್ಯೂಟರ್ ಕೈಗೆ ಕೊಟ್ಟಿರ್ತಾರೆ ಅಷ್ಟೆ. ಅದಕ್ಕೇ ಆಟೋಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಇದೇ ಅಗ್ಗ, ಮೈಲೇಜೂ ಮ್ಯಾನ್ಯುಯಲ್ ಹತ್ರಹತ್ರಾನೇ ಬರುತ್ತೆ. ತೊಂದ್ರೆ ಏನಂದ್ರೆ ಕ್ಲಚ್ ಒಂದೇ ಇರೋದ್ರಿಂದ ಗೇರ್ ಬದಲಾಗುವಾಗ ಒಂದು ಕ್ಷಣ ಚಕ್ರಕ್ಕೆ ಪವರ್ ಕಟ್ ಆಗುತ್ತೆ, ಕೂತೋರ ತಲೆ ಸ್ವಲ್ಪ ಮುಂದಕ್ಕೆ ವಾಲುತ್ತೆ. ಗೇರ್ ಬದಲಾಗೋ ಹೊತ್ತಿಗೆ ಆಕ್ಸಿಲರೇಟರ್ ಮೇಲಿಂದ ಕಾಲು ಚೂರು ಸಡಿಲ ಮಾಡೋದು ರೂಢಿ ಮಾಡ್ಕೊಂಡ್ರೆ ಅದು ತುಂಬಾ ಕಮ್ಮಿ ಆಗುತ್ತೆ.

ಟಾರ್ಕ್ ಕನ್ವರ್ಟರ್ ಹಳೇ ಹುಲಿ. ಇದರಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯ ಎಣ್ಣೆ ಇರುತ್ತೆ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನ ಆನ್ ಮಾಡಿದ್ರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ, ಅದೇ ತರ, ಗಾಳಿ ಬದಲು ಎಣ್ಣೆ. ಮಧ್ಯದಲ್ಲಿ ಸ್ಟೇಟರ್ ಅಂತ ಇನ್ನೊಂದು ಚಕ್ರ ಇದ್ದು ಅದು ಎಣ್ಣೆನ ತಿರುಗಿಸಿ ಕಳಿಸೋದ್ರಿಂದ ಹೊರಡುವಾಗ ಇಂಜಿನ್ ಟಾರ್ಕು (ತಿರುಗಿಸೋ ಬಲ) ಸುಮಾರು ಎರಡು ಪಟ್ಟಿನ ತನಕ ಹೆಚ್ಚಾಗುತ್ತೆ. ಗಾಡಿ ಓಡೋಕೆ ಶುರುವಾದ್ಮೇಲೆ ಲಾಕ್-ಅಪ್ ಕ್ಲಚ್ ಬಿದ್ದು ಎರಡೂ ಒಟ್ಟಿಗೆ ತಿರುಗ್ತವೆ, ಎಣ್ಣೆಯಲ್ಲಿ ಪೋಲಾಗೋದು ನಿಲ್ಲುತ್ತೆ. ನಿಂತ ಜಾಗದಿಂದ ನಯವಾಗಿ ಹೊರಡೋದ್ರಲ್ಲಿ, ಟ್ರಾಫಿಕ್ಕಲ್ಲಿ ತೆವಳೋದ್ರಲ್ಲಿ ಇದನ್ನ ಮೀರಿಸಿದ್ದು ನಾನಂತೂ ಓಡಿಸಿಲ್ಲ.

ಸಿವಿಟಿಯಲ್ಲಿ ಒಂದು ಎರಡು ಮೂರು ಅಂತ ಗೇರೇ ಇಲ್ಲ. ಎರಡು ಪುಲ್ಲಿ, ಮಧ್ಯ ಒಂದು ಸ್ಟೀಲ್ ಬೆಲ್ಟು, ಪುಲ್ಲಿಗಳು ಅಗಲ ಆಗೋದು ಕಿರಿದಾಗೋದು ಮಾಡ್ತಾ ರೇಷಿಯೋ ನಿರಂತರವಾಗಿ ಬದಲಾಗುತ್ತೆ. ಹಾಗಾಗಿ ಜರ್ಕ್ ಅನ್ನೋದೇ ಇರಲ್ಲ, ಮನೇಲಿ ವಯಸ್ಸಾದೋರು ಇದ್ರೆ, ಹಿಂದಿನ ಸೀಟಲ್ಲಿ ಕೂತ್ರೆ ವಾಂತಿ ಬರುತ್ತೆ ಅನ್ನೋರಿದ್ರೆ ಇದು ದೊಡ್ಡ ಉಪಕಾರ. ಆದ್ರೆ ಜೋರಾಗಿ ಒತ್ತಿದ್ರೆ ಮೊದಲು ಇಂಜಿನ್ ಸೌಂಡು ಮೇಲೇರಿ ಅಲ್ಲೇ ನಿಂತ್ಕೊಳ್ಳುತ್ತೆ, ಸ್ಪೀಡು ಆಮೇಲೆ ಬರುತ್ತೆ, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಮೆಲ್ಲಗೆ ಓಡಿಸೋರಿಗೆ ಇದು ಗೊತ್ತೇ ಆಗಲ್ಲ. ಟೊಯೋಟಾ ಹೈಬ್ರಿಡ್‌ಗಳಲ್ಲಿ ಇ-ಸಿವಿಟಿ ಅಂತಾರಲ್ಲ, ಅದು ಹೆಸರು ಮಾತ್ರ ಒಂದೇ, ಅದರಲ್ಲಿ ಬೆಲ್ಟೂ ಇಲ್ಲ ಪುಲ್ಲಿನೂ ಇಲ್ಲ, ಪ್ಲಾನೆಟರಿ ಗೇರ್ ಜೊತೆ ಎರಡು ಎಲೆಕ್ಟ್ರಿಕ್ ಮೋಟಾರು, ಅಷ್ಟೇ.

ಡಿಸಿಟಿಯಲ್ಲಿ ಕ್ಲಚ್ ಎರಡು. 1, 3, 5 ಒಂದು ಕ್ಲಚ್ಚಿಗೆ, 2, 4, 6 ಇನ್ನೊಂದಕ್ಕೆ. ನೀವು ಮೂರರಲ್ಲಿ ಹೋಗ್ತಿರುವಾಗಲೇ ನಾಲ್ಕು ರೆಡಿ ಆಗಿ ಕೂತಿರುತ್ತೆ, ಒಂದು ಕ್ಲಚ್ ಬಿಡ್ತಿದ್ದ ಹಾಗೆ ಇನ್ನೊಂದು ಹಿಡಿಯುತ್ತೆ, ಗೇರ್ ಬಿದ್ದಿದ್ದೇ ಗೊತ್ತಾಗಲ್ಲ. ಹೈವೇಲಿ ಓಡಿಸೋಕೆ ಬಹಳ ಖುಷಿ. ಇದರಲ್ಲೂ ಡ್ರೈ, ವೆಟ್ ಅಂತ ಎರಡು. ವೆಟ್ ಅಂದ್ರೆ ಕ್ಲಚ್ಚು ಎಣ್ಣೇಲಿ ಮುಳುಗಿರುತ್ತೆ, ಬಿಸಿ ತಡ್ಕೊಳ್ಳುತ್ತೆ. ಡ್ರೈ ಆದ್ರೆ ಗಂಟೆಗಟ್ಟಲೆ ತೆವಳೋ ಟ್ರಾಫಿಕ್ಕಲ್ಲಿ ಬೇಗ ಕಾಯುತ್ತೆ. ದಿನಾ ಜಾಮಲ್ಲೇ ಇರೋರು ಡ್ರೈ ಡಿಸಿಟಿ ತಗೊಳ್ಳೋಕೆ ಮುಂಚೆ ಎರಡು ಸಲ ಯೋಚನೆ ಮಾಡಿ, ಇದು ನನ್ನ ಖಚಿತ ಅಭಿಪ್ರಾಯ.

ಆಟೋಮ್ಯಾಟಿಕ್ ಹೊಸ ಟೆಕ್ನಾಲಜಿ ಅಲ್ವಾ, ನಂಬಬಹುದಾ?

ಹೊಸದೇನಲ್ಲ. ಜನರಲ್ ಮೋಟರ್ಸ್‌ನೋರು ಹೈಡ್ರಾಮ್ಯಾಟಿಕ್ ಅಂತ ಕೊಟ್ಟಿದ್ದು 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಲ್ಲಿ. ಬೆಲ್ಟಿನ ಸಿವಿಟಿನ ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ ಕಾರಿಗೆ ಹಾಕಿ ತೋರಿಸ್ತು, ಆಗ ಬೆಲ್ಟು ರಬ್ಬರಿನದು. ನಾಲ್ಕರಲ್ಲಿ ಡಿಸಿಟಿನೇ ಚಿಕ್ಕೋನು, ಮಾಮೂಲಿ ಮಾರೋ ಕಾರಿಗೆ ಬಂದಿದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ನಲ್ಲಿ.

ಮ್ಯಾನ್ಯುಯಲ್ ಓಡಿಸೋದು ಅಭ್ಯಾಸ ಆಗಿದೆ, ಟ್ರಾಫಿಕ್ಕಲ್ಲಿ ಅಷ್ಟೇನು ಕಷ್ಟ ಅನ್ಸಲ್ಲ, ಆದ್ರೂ ಬದಲಾಯಿಸ್ಬೇಕಾ?

ಕಷ್ಟ ಅನ್ನಿಸದೇ ಇರೋದು ಅಭ್ಯಾಸದಿಂದ. ನಾನೂ ಹಂಗೇ ಅಂದ್ಕೊಂಡಿದ್ದೆ, ಆಟೋಮ್ಯಾಟಿಕ್ ತಗೊಂಡು ಒಂದು ತಿಂಗಳಾದ್ಮೇಲೆ ಸಂಜೆ ಮನೆಗೆ ಬಂದಾಗ ಸೊಂಟ, ಎಡ ಮಂಡಿ ಹಿಡ್ಕೊಳ್ತಿಲ್ಲ ಅನ್ನೋದು ಗಮನಕ್ಕೆ ಬಂತು, ಅದುವರೆಗೆ ಆ ನೋವು ವಯಸ್ಸಿಂದು ಅಂದ್ಕೊಂಡಿದ್ದೆ. ನಮ್ಮಪ್ಪ ಎಡಗಾಲಿನ ಮಂಡಿ ಸವೆದು ನಾಲ್ಕು ವರ್ಷ ಸ್ಟೀರಿಂಗ್ ಮುಟ್ಟಿರಲಿಲ್ಲ, ಆಟೋಮ್ಯಾಟಿಕ್ ಬಂದ ಮೇಲೆ ಡಾಕ್ಟರನ್ನ ಕೇಳಿ ಮತ್ತೆ ಶುರು ಮಾಡಿದ್ರು, ಯಾರನ್ನೂ ಕಾಯದೇ ತಾವೇ ಹೋಗಿ ಬರೋದು ಅವರಿಗೆ ಎಷ್ಟು ದೊಡ್ಡ ವಿಷಯ ಅಂತ ನನಗೆ ಆಗಲೇ ಅರ್ಥ ಆಗಿದ್ದು. ಮಂಡಿ, ಸೊಂಟ, ಪಾದದ ತೊಂದ್ರೆ ಇರೋರಿಗೆ ನಾನು ಬೇರೆ ಲೆಕ್ಕಾನೇ ಹೇಳಲ್ಲ, ಆಟೋಮ್ಯಾಟಿಕ್ ತಗೊಳ್ಳಿ.

ಮೈಲೇಜ್ ಕಮ್ಮಿ ಬರುತ್ತಂತೆ?

ಹಿಂದೆ ನಿಜ. ಮೂರು ನಾಲ್ಕು ಗೇರಿನ, ಲಾಕ್-ಅಪ್ ಇಲ್ಲದ ಕಾಲದಲ್ಲಿ ಎಣ್ಣೆ ಜಾರೋದ್ರಲ್ಲೇ ಪೆಟ್ರೋಲ್ ಹೋಗ್ತಿತ್ತು. ಈಗ ಎಂಟು ಒಂಬತ್ತು ಗೇರಿನ ಬಾಕ್ಸುಗಳಿವೆ, ವ್ಯತ್ಯಾಸ ತುಂಬಾ ಕಿರಿದಾಗಿದೆ, ಎಎಂಟಿ ಮತ್ತೆ ಸಿವಿಟಿ ಎಷ್ಟೋ ಸಲ ಮ್ಯಾನ್ಯುಯಲ್‌ನಷ್ಟೇ ಕೊಡ್ತವೆ. ನಿಮ್ಮ ಬಲಗಾಲು ಎಷ್ಟು ಭಾರ ಅನ್ನೋದು ಗೇರ್‌ಬಾಕ್ಸಿಗಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತೆ.

ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತಲ್ವಾ?

ಇಲ್ಲ, ಮತ್ತೆ ಯಾವತ್ತೂ ಮಾಡ್ಬೇಡಿ, ಎರಡೂ ತರದ ಗಾಡಿಗೂ ಹೇಳ್ತಿದ್ದೀನಿ. ಈಗಿನ ಫ್ಯುಯೆಲ್ ಇಂಜೆಕ್ಷನ್ ಇಂಜಿನ್‌ಗಳು ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲ್ ಪೂರ್ತಿ ಕಟ್ ಮಾಡ್ತವೆ, ಚಕ್ರವೇ ಇಂಜಿನ್ನನ್ನ ತಿರುಗಿಸುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ ಇಂಜಿನ್ ಆಫ್ ಆಗದೇ ಇರೋಕೆ ಮತ್ತೆ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ, ಮೇಲಿಂದ ಇಂಜಿನ್ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತೆ.

ಬೆಟ್ಟದ ರಸ್ತೆಗೆ ಮ್ಯಾನ್ಯುಯಲ್ಲೇ ಸರಿ ಅಂತಾರೆ, ನಿಜಾನಾ?

ಹತ್ತೋದಕ್ಕೆ ಹೆದರ್ಕೊಳ್ಳೋ ಕಾರಣ ಇಲ್ಲ. ಇಳಿಯೋದೇ ಕಲೀಬೇಕಾದ್ದು. ಉದ್ದ ಇಳಿಜಾರಲ್ಲಿ ಡಿ (ಡ್ರೈವ್, ಅಂದ್ರೆ ಮುಂದಕ್ಕೆ ಹೋಗೋ ಮೋಡ್) ಹಾಕಿಟ್ಟು ಬ್ರೇಕ್ ಒತ್ಕೊಂಡೇ ಹೋದ್ರೆ ಬ್ರೇಕ್ ಕಾದು ಹಿಡಿತ ಬಿಡುತ್ತೆ, ಪೆಡಲ್ ಒತ್ತಿದ್ರೂ ಗಾಡಿ ನಿಲ್ಲಲ್ಲ. ಮ್ಯಾನ್ಯುಯಲ್‌ನೋರು ಎರಡೋ ಮೂರೋ ಗೇರಲ್ಲಿ ಇಳೀತಾರಲ್ಲ, ಆಟೋಮ್ಯಾಟಿಕ್‌ನಲ್ಲೂ ಅದೇ ಮಾಡ್ಬೇಕು, ಅದಕ್ಕೇ ಲಿವರ್ ಹತ್ರ ಎಲ್, 2, ಎಸ್, ಇಲ್ಲ ಎಂ ಅಂತ ಒಂದು ಮೋಡ್, ಇಲ್ಲಾಂದ್ರೆ ಸ್ಟೀರಿಂಗ್ ಹಿಂದೆ ಪ್ಯಾಡಲ್ ಕೊಟ್ಟಿರೋದು. ಎಷ್ಟೋ ಜನ ಗಾಡಿ ತಗೊಂಡು ಮೂರು ವರ್ಷ ಆದ್ರೂ ಅದನ್ನ ಒಂದು ಸಲಾನೂ ಮುಟ್ಟಿರಲ್ಲ. ಖಾಲಿ ರಸ್ತೇಲಿ ಒಂದು ದಿನ ಹಾಕಿ ನೋಡಿ, ಇಂಜಿನ್ ಗಾಡಿನ ಹಿಡಿಯೋದು ಕೈಗೇ ಗೊತ್ತಾಗುತ್ತೆ.

ಏರಲ್ಲಿ ನಿಂತಾಗ ಒಂದು ಎಚ್ಚರ. ಎಎಂಟಿ, ಡಿಸಿಟಿ ಗಾಡಿನ ಆಕ್ಸಿಲರೇಟರ್ ಒತ್ತಿ ಹಿಂದೆ ಜಾರದ ಹಾಗೆ ಹಿಡ್ಕೊಂಡು ನಿಲ್ಲಿಸ್ಬೇಡಿ, ಒಳಗೆ ಹಾಫ್ ಕ್ಲಚ್ (ಅರ್ಧ ಹಿಡಿದು ಅರ್ಧ ಜಾರ್ತಿರೋ ಕ್ಲಚ್) ಉರೀತಾ ಇರುತ್ತೆ, ನಿಮ್ಮ ಕಾಲಿಗೆ ಗೊತ್ತಾಗಲ್ಲ ಅಷ್ಟೆ. ಬ್ರೇಕ್ ಒತ್ತಿ ನಿಲ್ಲಿ, ಹಿಲ್ ಹೋಲ್ಡ್ (ಬ್ರೇಕ್ ಬಿಟ್ಟ ಮೇಲೂ ಗಾಡಿ ಹಿಂದೆ ಜಾರದ ಹಾಗೆ ಸ್ವಲ್ಪ ಹೊತ್ತು ಹಿಡಿಯೋ ವ್ಯವಸ್ಥೆ) ಇದ್ರೆ ಇನ್ನೂ ಒಳ್ಳೇದು. ಮ್ಯಾನ್ಯುಯಲ್‌ನಲ್ಲಿ ನಾನೇ ಒಂದು ಸಲ ಏರಿನ ಜಾಮಲ್ಲಿ ಮುಕ್ಕಾಲು ಗಂಟೆ ಹಾಫ್ ಕ್ಲಚ್ ಮೇಲೆ ನಿಂತು ಕ್ಲಚ್ ಪ್ಲೇಟ್ ಸುಟ್ಕೊಂಡಿದ್ದೀನಿ, ಆ ಸುಟ್ಟ ವಾಸನೆ ಒಂದು ಸಲ ಮೂಗಿಗೆ ಹತ್ತಿದ್ರೆ ಮರೆಯಲ್ಲ.

ಮೇಂಟೆನೆನ್ಸ್ ಖರ್ಚು?

ಮ್ಯಾನ್ಯುಯಲ್‌ನಲ್ಲಿ ಸವೆಯೋದು ಮುಖ್ಯವಾಗಿ ಕ್ಲಚ್ ಸೆಟ್ಟು, ಅಂದ್ರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್. ಹಾಫ್ ಕ್ಲಚ್ ಅಭ್ಯಾಸ ಇಲ್ಲದೋರಿಗೆ ಲಕ್ಷ ಕಿಲೋಮೀಟರ್ ಮೇಲೂ ಬರುತ್ತೆ, ಇರೋರಿಗೆ ಅದರ ಕಾಲು ಭಾಗಕ್ಕೇ ಮುಗೀಬಹುದು. ಯಾವ ಮೆಕ್ಯಾನಿಕ್ ಬೇಕಾದ್ರೂ ಬಿಚ್ಚಿ ಜೋಡಿಸ್ತಾನೆ. ಎಎಂಟಿಯಲ್ಲೂ ಇದೇ ಕ್ಲಚ್ ಇದೆ, ಜೊತೆಗೆ ಆಕ್ಚುಯೇಟರ್ (ಕ್ಲಚ್, ಗೇರ್ ನಡೆಸೋ ಆ ಸೆಟಪ್ಪು) ಒಂದು ಹೆಚ್ಚಿಗೆ. ಟಾರ್ಕ್ ಕನ್ವರ್ಟರ್, ಸಿವಿಟಿ ದಿನನಿತ್ಯ ಏನೂ ಕೇಳಲ್ಲ, ಆದ್ರೆ ಕೆಟ್ರೆ ದೊಡ್ಡ ಬಿಲ್ಲು, ಕೈ ಹಾಕೋಕೆ ಗೊತ್ತಿರೋ ಮೆಕ್ಯಾನಿಕ್ಕೂ ಕಮ್ಮಿ. ಅದಕ್ಕೇ ಆಟೋಮ್ಯಾಟಿಕ್ ತಗೊಳ್ಳೋರು ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಅಂತ ಹೇಳ್ತೀನಿ, ಅದರಲ್ಲಿ ಗೇರ್‌ಬಾಕ್ಸ್ ಸೇರಿದೆಯಾ ಅಂತ ಬರಹದಲ್ಲಿ ನೋಡ್ಕೊಂಡು.

ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್, ಬದಲಾಯಿಸೋದೇ ಬೇಡ ಅಂದ್ರು, ಸರಿನಾ?

ಯಾರ ಲೈಫ್ ಅಂತ ಕೇಳ್ಬೇಕು. ಆಟೋಮ್ಯಾಟಿಕ್‌ನಲ್ಲಿ ಎಣ್ಣೆ ಬರೀ ಜಾರೋಕಲ್ಲ, ಬಲ ಸಾಗಿಸೋದೂ ಅದೇ, ಕ್ಲಚ್‌ಗಳನ್ನ ಒತ್ತೋದೂ ಅದೇ, ತಂಪು ಮಾಡೋದೂ ಅದೇ. ಬಿಸಿಗೆ ಅದು ಹಳಸಲೇಬೇಕು. ಎಷ್ಟು ಕಿಲೋಮೀಟರ್‌ಗೆ ಅನ್ನೋದು ಒಂದೊಂದು ಬಾಕ್ಸಿಗೆ ಒಂದೊಂದು ತರ, ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಕಷ್ಟದ ಬಳಕೆಗೆ ಅಂತ ಬೇರೆ ಕಾಲಮ್ ಇರುತ್ತೆ, ದಿನಾ ಜಾಮಲ್ಲಿ ಓಡೋ ಗಾಡಿ ಆ ಕಾಲಮ್ಮಿಗೇ ಸೇರೋದು. ಮತ್ತೆ ಕಂಪನಿ ಹೇಳಿದ ಗ್ರೇಡೇ ಹಾಕ್ಸಿ, ಸಿವಿಟಿ ಎಣ್ಣೆ ಬೇರೆ, ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಬೇರೆ, ತಪ್ಪು ಎಣ್ಣೆ ಬಿದ್ರೆ ಬಾಕ್ಸೇ ಹೋಗುತ್ತೆ.

ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿಬಿಟ್ರೆ ಅಂತ ಭಯ.

ಭಯ ಇರೋದು ಒಳ್ಳೇದೇ, ಇದನ್ನ ಹಗುರವಾಗಿ ತಗೋಬೇಡಿ. ಮ್ಯಾನ್ಯುಯಲ್‌ನಲ್ಲಿ ಗಾಬರಿ ಆದ್ರೆ ಕ್ಲಚ್ ಒತ್ತಿಬಿಡ್ತೀವಿ, ಗಾಡಿ ಇಂಜಿನ್ನಿಂದ ಬಿಡುಗಡೆ ಆಗುತ್ತೆ. ಆಟೋಮ್ಯಾಟಿಕ್‌ನಲ್ಲಿ ಆ ಎರಡನೇ ದಾರಿ ಇಲ್ಲ. ಹಾಗಾಗಿ ಮೊದಲ ವಾರ ಖಾಲಿ ಜಾಗದಲ್ಲಿ ಇದಿಷ್ಟು ರೂಢಿ ಮಾಡ್ಕೊಳ್ಳಿ: ಎಡಗಾಲನ್ನ ಡೆಡ್ ಪೆಡಲ್ (ಎಡಗಡೆ ಕಾಲು ಇಡೋಕೆ ಕೊಟ್ಟಿರೋ ಜಾಗ) ಮೇಲಿಟ್ಟು ಮರೆತುಬಿಡಿ, ಬ್ರೇಕೂ ಆಕ್ಸಿಲರೇಟರೂ ಎರಡಕ್ಕೂ ಬಲಗಾಲೊಂದೇ. ಎಡಗಾಲು ಕ್ಲಚ್ ಒತ್ತಿ ಅಭ್ಯಾಸ ಆಗಿರೋದು, ಅದು ಬ್ರೇಕ್ ಮೇಲೆ ಬಿದ್ರೆ ಪೂರ್ತಿ ನೆಲಕ್ಕೆ ಒತ್ತುತ್ತೆ, ಹಿಂದಿನ ಗಾಡಿಯೋನು ಬಂದು ಗುದ್ದುತ್ತಾನೆ. ಹಿಮ್ಮಡಿ ಬ್ರೇಕ್ ಪೆಡಲ್ ಎದುರು ನೆಲಕ್ಕೆ ಊರಿರಲಿ, ಆಕ್ಸಿಲರೇಟರ್‌ಗೆ ಪಾದ ಮಾತ್ರ ಹೊರಳಿಸಿ. ಪಾರ್ಕಿಂಗಲ್ಲಿ ರಿವರ್ಸ್ ತಗೊಳ್ಳುವಾಗ ಬ್ರೇಕ್ ಮೆಲ್ಲಗೆ ಸಡಿಲಿಸಿದ್ರೆ ಸಾಕು, ಗಾಡಿ ತಾನೇ ತೆವಳುತ್ತೆ, ಸಮತಟ್ಟು ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟೋ ಅಗತ್ಯಾನೇ ಇಲ್ಲ. ಡಿ, ಆರ್ (ರಿವರ್ಸ್) ಬದಲಾಯಿಸೋದು ಗಾಡಿ ಪೂರ್ತಿ ನಿಂತ ಮೇಲೇ.

ಸಿಗ್ನಲಲ್ಲಿ ಪ್ರತಿ ಸಲ ಎನ್ (ನ್ಯೂಟ್ರಲ್) ಹಾಕ್ಬೇಕಾ?

ಅರ್ಧ ನಿಮಿಷಕ್ಕೆಲ್ಲ ಬೇಡ, ಡಿಯಲ್ಲೇ ಬ್ರೇಕ್ ಒತ್ತಿ ನಿಲ್ಲಿ. ತುಂಬಾ ಹೊತ್ತು ಅಂತ ಗೊತ್ತಿದ್ರೆ ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೀರಿ. ಗಾಡಿ ನಿಂತಾಗ ತಾನೇ ಬ್ರೇಕ್ ಹಿಡಿಯೋ ಆಟೋ ಹೋಲ್ಡ್ ಬಟನ್ ಇದ್ರೆ ಅದನ್ನ ಬಳಸಿ.

ಪಿ (ಪಾರ್ಕ್) ಹಾಕಿದ್ರೆ ಹ್ಯಾಂಡ್‌ಬ್ರೇಕ್ ಯಾಕೆ?

ಪಿ ಅಂದ್ರೆ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಕೊಂಡಿ ಹಲ್ಲಿನ ಮಧ್ಯ ಹೋಗಿ ಕೂರೋದು, ಇಡೀ ಗಾಡಿ ಭಾರ ಅದರ ಮೇಲೆ ಬಿಡಬಾರದು. ಇಳಿಜಾರಲ್ಲಿ ಬ್ರೇಕ್ ಒತ್ತಿ, ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸ್ವಲ್ಪ ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂತ ಮೇಲೆ ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ. ಹೀಗೆ ಮಾಡದೇ ಇದ್ರೆ ಮತ್ತೆ ಹೊರಡುವಾಗ ಲಿವರ್ ಬಿಗಿಯಾಗಿ "ಟಕ್" ಅಂತ ಬರುತ್ತೆ. ಎಷ್ಟೋ ಎಎಂಟಿಗಳಲ್ಲಿ ಪಿ ಇರೋದೇ ಇಲ್ಲ, ಅದರಲ್ಲಿ ಮ್ಯಾನ್ಯುಯಲ್ ತರಾನೇ ಗೇರಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕ್ಬೇಕು.

ಬ್ಯಾಟರಿ ಸತ್ರೆ ತಳ್ಳಿ ಸ್ಟಾರ್ಟ್ ಮಾಡಬಹುದಾ?

ಮ್ಯಾನ್ಯುಯಲ್ ಆದ್ರೆ ಆಗುತ್ತೆ, ಆಟೋಮ್ಯಾಟಿಕ್ ಆಗಲ್ಲ, ಜಂಪರ್ ಕೇಬಲ್ ಇಟ್ಕೊಳ್ಳಿ. ಕೆಟ್ಟು ನಿಂತ ಆಟೋಮ್ಯಾಟಿಕ್ ಗಾಡಿನ ಹಗ್ಗ ಕಟ್ಟಿ ದೂರ ಎಳೆಯಬೇಡಿ, ಗೇರ್‌ಬಾಕ್ಸಿನ ಆಯಿಲ್ ಪಂಪ್ ನಡೆಯೋದು ಇಂಜಿನ್ನಿಂದ, ಇಂಜಿನ್ ಆಫ್ ಇದ್ದು ಚಕ್ರ ಮಾತ್ರ ತಿರುಗಿದ್ರೆ ಒಳಗೆಲ್ಲ ಎಣ್ಣೆ ಇಲ್ಲದೇ ಉಜ್ಜುತ್ತೆ. ಫ್ಲಾಟ್‌ಬೆಡ್ (ಕಾರನ್ನ ಪೂರ್ತಿ ಮೇಲೆ ಹೊತ್ಕೊಂಡು ಹೋಗೋ ಲಾರಿ) ಮೇಲೆ ಹತ್ತಿಸಿ ಕಳಿಸಿ.

ಹೊಸದಾಗಿ ಡ್ರೈವಿಂಗ್ ಕಲೀತಿದ್ದೀನಿ, ಯಾವುದರಲ್ಲಿ ಕಲೀಲಿ?

ಸಾಧ್ಯ ಆದ್ರೆ ಮ್ಯಾನ್ಯುಯಲ್‌ನಲ್ಲಿ ಕಲೀರಿ, ಆಮೇಲೆ ಯಾವುದು ಬೇಕಾದ್ರೂ ಓಡಿಸಿ. ಮ್ಯಾನ್ಯುಯಲ್ ಬಂದೋರಿಗೆ ಆಟೋಮ್ಯಾಟಿಕ್ ಎರಡು ದಿನದ ಕೆಲಸ, ಉಲ್ಟಾ ಬರೋಕೆ ವಾರಗಟ್ಟಲೆ ಬೇಕು. ಲೈಸೆನ್ಸ್ ವಿಷಯವೂ ಇದೆ, ಬ್ರಿಟನ್ ತರದ ಕೆಲವು ದೇಶಗಳಲ್ಲಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ರೆ ಆಟೋಮ್ಯಾಟಿಕ್ ಮಾತ್ರ ಓಡಿಸೋ ಲೈಸೆನ್ಸ್ ಸಿಗೋದು. ಆದ್ರೆ ಕ್ಲಚ್ ಭಯಕ್ಕೇ ವರ್ಷಗಟ್ಟಲೆ ಡ್ರೈವಿಂಗ್ ಮುಂದೂಡ್ತಾ ಇದ್ದೀರಿ ಅಂದ್ರೆ ನೇರ ಆಟೋಮ್ಯಾಟಿಕ್‌ಗೇ ಹೋಗಿ, ಇದರಲ್ಲಿ ನಾಚ್ಕೊಳ್ಳೋಂಥದ್ದು ಏನೂ ಇಲ್ಲ, ರಸ್ತೆ ಮೇಲೆ ಕಣ್ಣಿಡೋದೇ ಮುಖ್ಯ ಕೆಲಸ.

ಓವರ್‌ಟೇಕ್ ಮಾಡೋಕೆ ಯಾವುದು ಚೆನ್ನ?

ಮ್ಯಾನ್ಯುಯಲ್‌ನಲ್ಲಿ ನೀವು ಮೊದಲೇ ಯೋಚಿಸಿ ಗೇರ್ ಇಳಿಸಿ ರೆಡಿ ಇರ್ತೀರಿ. ಆಟೋಮ್ಯಾಟಿಕ್‌ನಲ್ಲಿ ಪೂರ್ತಿ ಒತ್ತಿದ್ರೆ ಕಿಕ್‌ಡೌನ್ ಆಗಿ ಗೇರ್ ಇಳಿಯುತ್ತೆ, ಡಿಸಿಟಿ ಬೇಗ, ಟಾರ್ಕ್ ಕನ್ವರ್ಟರ್ ಅದರ ಹಿಂದೆ, ಎಎಂಟಿ ಒಂದು ಕ್ಷಣ ಯೋಚಿಸುತ್ತೆ, ಎದುರಿಂದ ಲಾರಿ ಬರ್ತಿರುವಾಗ ಆ ಒಂದು ಕ್ಷಣ ಬಹಳ ಉದ್ದ. ಎಎಂಟಿ ಇರೋರು ಓವರ್‌ಟೇಕ್‌ಗೆ ಮುಂಚೆ ಎಂ ಮೋಡ್‌ಗೆ ತಂದು ಕೈಯಾರೆ ಗೇರ್ ಇಳಿಸ್ಕೊಳ್ಳಿ.

ಕ್ಲಚ್ ಇಲ್ಲದ ಮ್ಯಾನ್ಯುಯಲ್, ಐಎಂಟಿ ಅಂತಾರಲ್ಲ ಅದು?

ಗೇರ್ ನೀವೇ ಹಾಕ್ಬೇಕು, ಕ್ಲಚ್ ಪೆಡಲ್ ಮಾತ್ರ ಇಲ್ಲ, ಲಿವರ್‌ಗೆ ಕೈ ಹಾಕ್ತಿದ್ದ ಹಾಗೆ ಸೆನ್ಸರ್ ಗುರುತಿಸಿ ಕ್ಲಚ್ ಬಿಡಿಸುತ್ತೆ. ಮಂಡಿ ನೋವಿನೋರಿಗೆ ಸ್ವಲ್ಪ ಆರಾಮ. ನಾನಾದ್ರೆ ಪೂರ್ತಿ ಆಟೋಮ್ಯಾಟಿಕ್‌ಗೇ ಹೋಗ್ತೀನಿ.

ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗೋಬಹುದಾ?

ತಗೋಬಹುದು, ಸರ್ವಿಸ್ ರೆಕಾರ್ಡ್ ಇದ್ರೆ ಮಾತ್ರ. ಇಂಜಿನ್ ತಣ್ಣಗಿದ್ದಾಗ ಹೋಗಿ, ಮಾರೋರು ಮೊದಲೇ ಬಿಸಿ ಮಾಡಿಟ್ಟಿರಬಾರದು. ಬ್ರೇಕ್ ಒತ್ತಿ ಪಿಯಿಂದ ಆರ್, ಆರ್‌ನಿಂದ ಡಿ ಹಾಕಿ, ಗಾಡಿ ಹಿಡ್ಕೊಳ್ಳೋಕೆ ಒಂದೆರಡು ಸೆಕೆಂಡ್ ತಡ ಆದ್ರೆ, ಇಲ್ಲ ಧಡ್ ಅಂತ ಗುದ್ದಿದ್ರೆ ಅನುಮಾನ ಪಡಿ. ಡಿಸಿಟಿ ಆದ್ರೆ ಅರ್ಧ ಗಂಟೆ ಜಾಮಲ್ಲಿ ಓಡಿಸಿ ಹೊರಡುವಾಗ ನಡುಗುತ್ತಾ ನೋಡಿ. ಎಣ್ಣೆ ನೋಡೋ ಕಡ್ಡಿ ಇರೋ ಗಾಡಿ ಆದ್ರೆ ಎಳೆದು ನೋಡಿ, ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ವಾಪಸ್ ಬನ್ನಿ. ಮ್ಯಾನ್ಯುಯಲ್ ಆದ್ರೆ ಟಾಪ್ ಗೇರಲ್ಲಿ ಕಮ್ಮಿ ಸ್ಪೀಡಿಂದ ಒಂದೇ ಸಲ ರೇಸ್ ಕೊಡಿ, ಆರ್‌ಪಿಎಂ ಏರಿ ಸ್ಪೀಡ್ ಏರದೇ ಇದ್ರೆ ಕ್ಲಚ್ ಮುಗಿದಿದೆ.

ಮುಂದೆ ಎಲ್ಲಾ ಎಲೆಕ್ಟ್ರಿಕ್ ಆಗುತ್ತಲ್ಲ, ಆಗ?

ಎಲೆಕ್ಟ್ರಿಕ್ ಮೋಟಾರು ಸೊನ್ನೆ ಸ್ಪೀಡಿಂದಲೇ ಪೂರ್ತಿ ಬಲ ಕೊಡೋದ್ರಿಂದ ಹೆಚ್ಚಿನವಕ್ಕೆ ಒಂದೇ ಗೇರು, ಕ್ಲಚ್ಚೇ ಇಲ್ಲ. ಪೋರ್ಷೆ ಟೈಕಾನ್ ತರದ ಕೆಲವಕ್ಕೆ ಮಾತ್ರ ಹಿಂದಿನ ಮೋಟಾರಿಗೆ ಎರಡು ಗೇರು ಕೊಟ್ಟಿದ್ದಾರೆ. ನಾಲ್ಕೈದು ವರ್ಷದಲ್ಲಿ ಎಲೆಕ್ಟ್ರಿಕ್‌ಗೆ ಹೋಗೋ ಮನಸ್ಸಿದ್ರೆ ಈಗಲೇ ಎರಡು ಪೆಡಲ್ ಅಭ್ಯಾಸ ಆಗೋದು ಒಳ್ಳೇದು.

ಟೆಸ್ಟ್ ಡ್ರೈವಲ್ಲಿ ಏನು ನೋಡ್ಬೇಕು?

ಶೋರೂಮ್‌ನೋರು ಕರ್ಕೊಂಡು ಹೋಗೋ ಖಾಲಿ ರಸ್ತೇಲಿ ನಾಲ್ಕೂ ಜಾತಿ ಒಂದೇ ತರ ಚೆನ್ನಾಗಿರ್ತವೆ. ನೀವು ದಿನಾ ಹೋಗೋ ಹೊತ್ತಿಗೆ, ದಿನಾ ಹೋಗೋ ದಾರೀಲೇ ಓಡಿಸ್ತೀನಿ ಅಂತ ಹಠ ಹಿಡೀರಿ. ಒಂದು ಏರು ಸಿಗಬೇಕು, ಅಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟು ಎಷ್ಟು ಹಿಂದಕ್ಕೆ ಜಾರುತ್ತೆ ನೋಡಿ, ಹಿಂದೆ ಗಾಡಿ ಇಲ್ಲದಿರುವಾಗ. ಹಂಪ್ ಮೇಲೆ ಮೆಲ್ಲಗೆ ಹತ್ತಿಸಿ. ಅರ್ಧ ದಾರಿ ಹಿಂದಿನ ಸೀಟಲ್ಲೂ ಕೂರಿ, ನಿಮ್ಮ ಮನೆಯೋರು ಕೂರೋದು ಅಲ್ಲೇ. ಅದೇ ಕಾರಿನ ಮ್ಯಾನ್ಯುಯಲ್ ಇದ್ರೆ ಅದನ್ನೂ ಅದೇ ದಿನ ಓಡಿಸಿ, ಎರಡು ವಾರ ಬಿಟ್ಟು ಓಡಿಸಿದ್ರೆ ಹೋಲಿಕೆ ನೆನಪಲ್ಲಿ ಉಳಿಯಲ್ಲ.